ಕಪ್ಪು ವೈರು, ನೀಲಿ ವೈರು

ಗೋಡೌನಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ದಿನಗಳಲ್ಲೂ ಅವನ ಅಂಗಿಯ ಜೇಬಿನಲ್ಲಿ ಟೆಸ್ಟರ್ ಇರುತ್ತಿತ್ತು. ಅಲ್ಲಿ ಅದರ ಅಗತ್ಯವೇನೂ ಇರಲಿಲ್ಲ. ಪೆನ್ನು ಸಿಕ್ಕಿಸಿಕೊಳ್ಳುವವರ ಹಾಗೆ ಬೆಳಿಗ್ಗೆ ಅಂಗಿ ಹಾಕಿಕೊಂಡ ಕೂಡಲೇ ಕೈ ತಾನಾಗಿ ಅದನ್ನು ಸಿಕ್ಕಿಸಿಬಿಡುತ್ತಿತ್ತು. ಹಾಗಾಗಿ ಗೋಡೌನಿನವರು ಅವನನ್ನು ಟೆಸ್ಟರ್ ಎಂದೇ ಕರೆದರು. ಬರಬರುತ್ತ ಅವನ ಅಕ್ಕನ ಬಾಯಲ್ಲೂ ಅದೇ ಹೆಸರು ಕೂತುಬಿಟ್ಟಿತು.

ಹುಟ್ಟಿದ ದೇಶದಲ್ಲಿ ಅವನು ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್. ಮೀಸೆ ಮೂಡುವ ವಯಸ್ಸಿಗೆ ಗುರುವಿನ ಹಿಂದೆ ಏಣಿ ಹಿಡಿದು ಹೊರಟವನು ಆಸ್ಪತ್ರೆ, ಕಾರ್ಖಾನೆ, ಸಿನಿಮಾ ಮಂದಿರ ಎಲ್ಲಕ್ಕೂ ವೈರಿಂಗ್ ಮಾಡಿ ಸೈ ಎನ್ನಿಸಿಕೊಂಡಿದ್ದ. ಈ ದೇಶಕ್ಕೆ ಬಂದ ಮೇಲೆ ಆ ಲೈಸೆನ್ಸಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ ಎಂದು ತಿಳಿಯಿತು. ಒಂದು ಬಲ್ಬಿನ ಹೋಲ್ಡರ್ ಬದಲಿಸುವುದಕ್ಕೂ ಇಲ್ಲಿನ ಕಾರ್ಡ್ ಬೇಕು. ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ಸೇರಿದಳು, ಅವನು ಗೋಡೌನಿಗೆ.

ಅವನ ಭಾವನದು ಇನ್ನೂ ದೊಡ್ಡ ಕತೆ. ಊರಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದವರು ಇಲ್ಲಿ ಬಸ್ಸು ಓಡಿಸುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಒಂದು ಚೀಲ ಹೆಗಲಿಗೆ ಹಾಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದು ಅವರ ಎರಡನೆಯ ಕೆಲಸ. ಅಲ್ಲಿ ಕಲಿತ ಕೆಲಸ ಇಲ್ಲಿಯೂ ಕೆಲಸವೇ, ಎರಡು ದೇಶಗಳೂ ಒಂದರ ಸರ್ಟಿಫಿಕೇಟನ್ನು ಇನ್ನೊಂದು ಒಪ್ಪಬೇಕು ಎಂದು ಅರ್ಜಿ ಕೊಡುತ್ತಿದ್ದರು, ನೆನಪಿಸುತ್ತಿದ್ದರು, ಮತ್ತೆ ಕೊಡುತ್ತಿದ್ದರು. ಅವರ ತಲೆಗೂದಲು ಅರ್ಧಕ್ಕರ್ಧ ನರೆತ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಮೊದಲ ಹಂತಕ್ಕೆ ಎಲೆಕ್ಟ್ರಿಷಿಯನ್‌ಗಳು ಮಾತ್ರ. ಮೇಷ್ಟ್ರುಗಳ ಸುದ್ದಿಯೇ ಅದರಲ್ಲಿ ಇರಲಿಲ್ಲ.

"ನನ್ನದು ಬಿಡು," ಎಂದರು ಭಾವ. "ನಿನ್ನದಾಯ್ತಲ್ಲ. ಮೊದಲನೇ ಕಾರ್ಡೇ ನಮ್ಮ ಮನೆಗೆ ಬಂತಲ್ಲ, ಅಷ್ಟು ಸಾಕು."

ಪರೀಕ್ಷೆ ಇರಲಿಲ್ಲ. ಎರಡೂ ಕಡೆಯ ತರಬೇತಿ ಸಮಾನವೆಂದು ಒಪ್ಪಂದವೇ ಹೇಳಿದ ಮೇಲೆ ಪರೀಕ್ಷೆ ಯಾಕೆ? ಫೋಟೊ ಇದ್ದ ಕಾರ್ಡಿನ ಜೊತೆ ಇಲ್ಲಿನ ನಿಯಮಗಳ ಒಂದು ಹಾಳೆ ಬಂತು. ಅದರಲ್ಲಿ ವೈರುಗಳ ಬಣ್ಣದ ಚಿತ್ರವಿತ್ತು. ಊರಿನಲ್ಲಿ ಕೆಂಪು, ಹಳದಿ, ನೀಲಿ ಎಂದರೆ ಕರೆಂಟು ಹರಿಯುವ ಫೇಸ್. ಕಪ್ಪು ಎಂದರೆ ಕರೆಂಟು ವಾಪಸು ಹೋಗುವ ನ್ಯೂಟ್ರಲ್. ಇಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್. ಕಪ್ಪು, ನೀಲಿ ಎರಡೂ ತಮ್ಮ ಜಾಗ ಅದಲುಬದಲು ಮಾಡಿಕೊಂಡಿದ್ದವು. ಅವನು ಆ ಚಿತ್ರವನ್ನು ಅಡುಗೆಮನೆಯ ಕಪಾಟಿಗೆ ಅಂಟಿಸಿ, ಕಾಫಿ ಕುಡಿಯುವಾಗಲೆಲ್ಲ ನೋಡಿಕೊಂಡ. ತಲೆಗೆ ಒಂದೇ ದಿನದಲ್ಲಿ ಹತ್ತಿತು. ಆದರೆ ಕೈ? ಕಪ್ಪು ವೈರು ಕಂಡರೆ ಅವನ ಬೆರಳುಗಳು ಇಷ್ಟು ವರ್ಷ ಒಂದೇ ಕಡೆಗೆ ಹೋಗಿದ್ದವು. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಭಾವನ ಮುಖ ನೋಡಿದರೆ ಹೇಳಲು ಮನಸ್ಸೇ ಬರುತ್ತಿರಲಿಲ್ಲ.

ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿನ ಮೇಲ್ವಿಚಾರಕಿ ಚುರುಕಿನ ಹೆಂಗಸು. ಮಾತು ಕಡಿಮೆ, ನಡಿಗೆ ಜೋರು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೊದಲ ವಾರ ಅವನು ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ, ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿದ. ಪ್ರತಿ ಪಾಯಿಂಟಿಗೂ ವೈರು ಕೂಡಿಸಿ, ಮೀಟರ್ ಹಿಡಿದು ನೋಡಿ, ಮುಚ್ಚಳ ಹಾಕುವ ಮುಂಚೆ ಮತ್ತೊಮ್ಮೆ ನೋಡುತ್ತಿದ್ದ. ಮನೆಗೆ ಬಂದರೆ ಹೆಗಲು ಕಲ್ಲಿನ ಹಾಗೆ ಬಿಗಿದಿರುತ್ತಿತ್ತು.

"ಗೋಡೌನಲ್ಲಿ ಮಣ ಭಾರ ಹೊತ್ತಾಗಲೂ ಹೀಗೆ ನರಳ್ತಿರಲಿಲ್ಲವಲ್ರೀ," ಎಂದಳು ಹೆಂಡತಿ, ಎಣ್ಣೆ ಹಚ್ಚಿ ತಿಕ್ಕುತ್ತಾ.

"ಹೊಸ ಕೆಲಸ. ಸರಿ ಹೋಗುತ್ತೆ ಬಿಡು."

ಶನಿವಾರ ಒಂದು ಶಾಲೆಯ ಅಡುಗೆಮನೆ. ರಜೆ ಮುಗಿದು ಸೋಮವಾರ ಶಾಲೆ ತೆರೆಯುವುದಿತ್ತು. ಸೋಮವಾರ ಬೆಳಿಗ್ಗೆಯೇ ಹೊಸ ದೊಡ್ಡ ಓವನ್ ಬರಲಿತ್ತು. ಓವನ್ ಕಂಪನಿಯವರೇ ಬಂದು ಕೂಡಿಸಿ ಹೋಗುತ್ತಾರೆ. ಅದಕ್ಕೆ ಗೋಡೆಯ ಪಾಯಿಂಟು ಸಿದ್ಧವಾಗಿರಬೇಕು. ಪಾತ್ರೆ ತೊಳೆಯುವ ಜಾಗ, ಫ್ರಿಜ್ಜು, ಗಾಳಿ ಎಳೆಯುವ ಫ್ಯಾನು, ದೀಪಗಳು, ಎಲ್ಲವನ್ನೂ ಮುಗಿಸಿ ಪರೀಕ್ಷಿಸಿ ಆಯಿತು. ಕೊನೆಗೆ ಉಳಿದದ್ದು ಓವನ್ನಿನ ಪೆಟ್ಟಿಗೆ. ಮೊಣಕಾಲೂರಿ ಕೂತು, ದಪ್ಪ ಕೇಬಲ್ಲಿನ ಸಿಪ್ಪೆ ಸುಲಿದು, ಕಂದು, ಕಪ್ಪು, ಬೂದು, ನೀಲಿ, ಹಸಿರು ಎಳೆಗಳನ್ನು ಬಿಡಿಸಿ ಸ್ಕ್ರೂ ಬಿಗಿಯುತ್ತಿದ್ದಾಗ ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಮೇಡಂಗೆ ಇನ್ನೊಂದು ಕಡೆ ಹೋಗುವುದಿತ್ತು. ಎರಡನೆಯ ಹಾರ್ನಿಗೆ ಉಳಿದ ಸ್ಕ್ರೂಗಳನ್ನು ಅವಸರದಲ್ಲಿ ಬಿಗಿದ. ಮೂರನೆಯದಕ್ಕೆ ಮುಚ್ಚಳ ಹಾಕಿದ. ಮೀಟರ್ ಆಗಲೇ ಚೀಲದೊಳಗೆ ಹೋಗಿತ್ತು. ವ್ಯಾನಿನಲ್ಲಿ ಕೂತು, ತೊಡೆಯ ಮೇಲಿಟ್ಟ ಕಾಗದದಲ್ಲಿ ಎಲ್ಲ ಪಾಯಿಂಟುಗಳ ಮುಂದೆಯೂ ಪರೀಕ್ಷಿಸಲಾಗಿದೆ ಎಂದು ಗುರುತು ಹಾಕಿ ಸಹಿ ಮಾಡಿದ.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಮೊದಲ ಕಾರ್ಡಿನ ಖುಷಿಗೆ ಭಾವ ಹತ್ತಿರದವರನ್ನೆಲ್ಲ ಕರೆದಿದ್ದರು. ಗೋಡೌನಿನ ಗೆಳೆಯ ಉದ್ದಣ್ಣನೂ ಬಂದಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಇದ್ದದ್ದಕ್ಕೆ ಆ ಹೆಸರು. ಅವನೂ ಎಲೆಕ್ಟ್ರಿಷಿಯನ್ನೇ, ಅವನ ಕಾರ್ಡು ಎರಡನೆಯ ತಂಡದಲ್ಲಿ ಬರಬೇಕಿತ್ತು. ಹೆಂಡತಿ ಮಕ್ಕಳು ಇನ್ನೂ ಊರಿನಲ್ಲೇ. ಕಾರ್ಡು ಸಿಕ್ಕಿ, ಅದಕ್ಕೆ ತಕ್ಕ ಕೆಲಸ ಸಿಕ್ಕರೆ ಮಾತ್ರ ಅವರನ್ನು ಕರೆಸಿಕೊಳ್ಳಲು ಅನುಮತಿ. ಚಿಕ್ಕ ಮಗಳು ಅಪ್ಪನನ್ನು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದಳು.

ಊಟ ಮುಗಿಸಿ ಕೈ ತೊಳೆದು ಬಂದ ಉದ್ದಣ್ಣ ಪಕ್ಕದಲ್ಲಿ ಕೂತ. "ಅದಿರ್ಲಿ, ಈ ಬಣ್ಣದ ಗೊಂದಲ ಹೇಗೋ ಸಂಭಾಳಿಸ್ತೀಯ? ನಂಗಂತೂ ಅದೊಂದೇ ಭಯ."

"ಅದೇನು ಮಹಾ," ಎಂದ ಟೆಸ್ಟರ್. ಎಲ್ಲರೂ ತನ್ನ ಕಡೆ ನೋಡುತ್ತಿದ್ದರು. ಸ್ವಲ್ಪ ಜಂಬವೂ ಬಂದಿತ್ತು. ಗಾಳಿಯಲ್ಲೇ ಪೆಟ್ಟಿಗೆ ಹಿಡಿದವನ ಹಾಗೆ ಎಡಗೈ ಎತ್ತಿ, ಬಲಗೈ ಬೆರಳಿನಿಂದ ತೋರಿಸತೊಡಗಿದ. "ನಿನ್ನೆ ಓವನ್ ಪಾಯಿಂಟ್ ಹಾಕಿದ್ನಲ್ಲ, ಎಡಗಡೆಯಿಂದ ಮೂರು ಫೇಸು. ಕಂದು ಇಲ್ಲಿ. ಆಮೇಲೆ..."

ಬೆರಳು ನೀಲಿ ವೈರನ್ನು ಹಿಡಿದು ಕಂದಿನ ಪಕ್ಕಕ್ಕೆ ತಂದಿತು. ಕಪ್ಪನ್ನು ಬಲತುದಿಗೆ, ನ್ಯೂಟ್ರಲ್ ಇರುವಲ್ಲಿಗೆ, ಒಯ್ದಿತು. ಗಾಳಿಯಲ್ಲಿ ಸ್ಕ್ರೂ ಕೂಡ ತಿರುಗಿಸಿತು.

ಅವನ ಮಾತು ಅಲ್ಲೇ ನಿಂತಿತು.

"ಆಮೇಲೆ?" ಎಂದ ಉದ್ದಣ್ಣ.

"ಆಮೇಲೆ... ಅಷ್ಟೇ. ರೂಢಿ ಆಗಿಬಿಡುತ್ತೆ."

ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ನಲ್ಲಿ ಬಿಟ್ಟು ಮುಖಕ್ಕೆ ನೀರು ಹಾಕಿಕೊಂಡ. ನಿನ್ನೆ ಕೈ ಏನು ಮಾಡಿತ್ತು? ಕಣ್ಣು ಮುಚ್ಚಿ ನೆನೆದ. ಸ್ಕ್ರೂ ನೆನಪಾಯಿತು, ಹಾರ್ನ್ ನೆನಪಾಯಿತು, ಮೊಣಕಾಲಿನ ಕೆಳಗಿನ ತಣ್ಣನೆಯ ನೆಲ ನೆನಪಾಯಿತು. ಬಣ್ಣ ಮಾತ್ರ ನೆನಪಾಗಲಿಲ್ಲ. ಕಪ್ಪು ನ್ಯೂಟ್ರಲ್ಲಿನಲ್ಲಿದ್ದರೆ ನಾಳೆ ಓವನ್ ಹಾಕಿದ ಕೂಡಲೇ ಅದರೊಳಗಿನ ಸೂಕ್ಷ್ಮ ಭಾಗಗಳಿಗೆ ಹೆಚ್ಚುಕಡಿಮೆ ಎರಡರಷ್ಟು ವೋಲ್ಟೇಜ್ ನುಗ್ಗುತ್ತದೆ. ಸುಟ್ಟು ಸುಮ್ಮನಾದರೆ ಪುಣ್ಯ. ಹೊತ್ತಿಕೊಂಡರೆ? ಎದುರಿಗೆ ಅಡುಗೆಯವರು ನಿಂತಿರುತ್ತಾರೆ, ಪಕ್ಕದ ಕೋಣೆಯಲ್ಲಿ ಮಕ್ಕಳು.

ಹೊರಬಂದವನ ಮುಖ ನೋಡಿಯೇ ಹೆಂಡತಿ ಅಡುಗೆಮನೆಗೆ ಕರೆದೊಯ್ದಳು. ಅವನು ಪಿಸುಮಾತಿನಲ್ಲಿ ಎಲ್ಲ ಹೇಳಿದ. ಭಾವನೂ ಹಿಂದೆಯೇ ಬಂದಿದ್ದರು. ಅವರ ಕಿವಿಗೂ ಬಿತ್ತು.

"ಖಾತ್ರಿ ಇದೆಯಾ ತಪ್ಪಾಗಿದೆ ಅಂತ?"

"ಇಲ್ಲ ಭಾವ. ಸರಿ ಇದೆ ಅಂತಲೂ ಖಾತ್ರಿ ಇಲ್ಲ. ಮೇಡಂಗೆ ಫೋನ್ ಮಾಡಿ ಹೇಳಿಬಿಡ್ತೀನಿ."

ಭಾವ ಬಾಗಿಲು ಎಳೆದುಕೊಂಡರು. ದನಿ ತಗ್ಗಿಸಿದರೂ ಗಂಟಲ ನರ ಉಬ್ಬಿತ್ತು. "ಸ್ವಲ್ಪ ಬುದ್ಧಿ ಉಪಯೋಗಿಸು. ನೀನು ಫೋನ್ ಮಾಡಿದ ಕೂಡಲೇ ಅದು ನಿನ್ನ ತಪ್ಪಾಗಿ ಉಳಿಯಲ್ಲ. ಅವರ ಸರ್ಟಿಫಿಕೇಟ್ ಒಪ್ಪಿದ್ದೇ ತಪ್ಪು ಅಂತಾರೆ. ಮೊದಲನೇ ವಾರ, ಮೊದಲನೇ ಮನುಷ್ಯ! ಇದನ್ನೇ ಕಾಯ್ತಾ ಕೂತವರು ಇದಾರಪ್ಪ ಆ ಕಚೇರಿಗಳಲ್ಲಿ. ಅಲ್ಲಿ ಹೊರಗೆ ಕೂತಿದಾನಲ್ಲ, ಉದ್ದಣ್ಣ, ಅವನ ಮುಖ ನೋಡಿ ಹೇಳು ಹೋಗು."

"ಹಾಗಂತ ಓವನ್ ಸುಡಲಿ ಅಂತೀರಾ?"

"ನಾನೆಲ್ಲಿ ಹಾಗಂದೆ? ಹೋಗು, ಬಿಚ್ಚಿ ನೋಡು, ತಪ್ಪಿದ್ರೆ ಸರಿ ಮಾಡು, ಬಾ. ಊರಿಗೆಲ್ಲ ಡಂಗುರ ಯಾಕೆ?"

ಅಕ್ಕ ಒಳಗೆ ಬಂದು ಸಿಹಿ ಬಡಿಸಲೇ ಎಂದು ಕೇಳಿದಳು. ಅವನು ಆಗಲೇ ಚಪ್ಪಲಿ ಹುಡುಕುತ್ತಿದ್ದ.

ಗಂಡ ಹೆಂಡತಿ ಮನೆಗೆ ಹೋಗಿ ಕೆಲಸದ ಚೀಲ ತೆಗೆದುಕೊಂಡು ಬಸ್ಸು ಹಿಡಿದರು. ದಾರಿಯುದ್ದಕ್ಕೂ ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಬೇರೆಯವರ ಕೈಗಳನ್ನು ಕಾಯುವವನ ಹಾಗೆ. ಪ್ರತಿ ನಿಲ್ದಾಣದಲ್ಲೂ ಬಸ್ಸು ಬೇಕೆಂದೇ ತಡಮಾಡುತ್ತಿದೆ ಅನ್ನಿಸುತ್ತಿತ್ತು.

ಶಾಲೆಯ ಕಾವಲುಗಾರ ಗೇಟಿನ ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ರೇಡಿಯೊ ಕೇಳುತ್ತಿದ್ದ. "ಇವತ್ತು ರಜಾ. ಕಂಪನಿಯಿಂದ ಫೋನ್ ಬಂದ್ರೆ ಬಿಡ್ತೀನಿ."

ಟೆಸ್ಟರ್ ಒಂದು ಕ್ಷಣ ಹೆಂಡತಿಯತ್ತ ನೋಡಿದ. "ಮೀಟರ್ ಬಿಟ್ಟು ಹೋಗಿದೀನಿ," ಎಂದ. ಸುಳ್ಳು ಸಲೀಸಾಗಿ ಬಂತು. ಅದಕ್ಕೇ ಇನ್ನಷ್ಟು ದಿಗಿಲಾಯಿತು. ಕಾವಲುಗಾರ ನಿನ್ನೆ ಅವನನ್ನು ನೋಡಿದ್ದರಿಂದ ಗೊಣಗುತ್ತಲೇ ಬೀಗ ತೆಗೆದ. ಹೆಂಡತಿ ಕಾವಲುಗಾರನನ್ನು ಮಾತಿಗೆ ಹಿಡಿದು ಗೇಟಿನಲ್ಲೇ ನಿಲ್ಲಿಸಿಕೊಂಡಳು.

ಅಡುಗೆಮನೆಯಲ್ಲಿ ಸಾಬೂನಿನ ವಾಸನೆ. ಸ್ಟೀಲಿನ ಮೇಜುಗಳು ಥಳಥಳ ಹೊಳೆಯುತ್ತಿದ್ದವು. ಮೇನ್ ಆಫ್ ಮಾಡಿದ. ಮೊಣಕಾಲೂರಿ ಮುಚ್ಚಳದ ಸ್ಕ್ರೂ ಬಿಚ್ಚತೊಡಗಿದ. ಕೊನೆಯದನ್ನು ಬಿಚ್ಚಿದ ಮೇಲೂ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದೇ ಕೂತಿದ್ದ. ಆಮೇಲೆ ತೆಗೆದ.

ಕಪ್ಪು ನ್ಯೂಟ್ರಲ್ಲಿನಲ್ಲಿತ್ತು. ಎಷ್ಟು ಅಚ್ಚುಕಟ್ಟಾಗಿ ಬಿಗಿದಿತ್ತೆಂದರೆ, ಗುರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದ.

ಕರೆಂಟಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, ನೀಲಿಯನ್ನು ನೀಲಿಯ ಜಾಗಕ್ಕೆ, ಕಪ್ಪನ್ನು ಕಪ್ಪಿನ ಜಾಗಕ್ಕೆ ಹಾಕಿದ. ಬಣ್ಣದ ಹೆಸರನ್ನು ಬಾಯಿಬಿಟ್ಟು ಹೇಳುತ್ತಾ ಹಾಕಿದ. ಮೇನ್ ಆನ್ ಮಾಡಿ ಅಳೆದ. ಸರಿ ಇತ್ತು. ಮತ್ತೆ ಅಳೆದ. ಸರಿಯಾಗಿಯೇ ಇತ್ತು.

ಗೇಟಿನ ಹೊರಗೆ ಬಂದಾಗ ಹೆಂಡತಿ ಕಣ್ಣಲ್ಲೇ ಕೇಳಿದಳು. ಅವನು ತಲೆಯಾಡಿಸಿದ. "ತಪ್ಪೇ ಆಗಿತ್ತು. ಸರಿ ಮಾಡಿದೆ."

"ದೇವರು ದೊಡ್ಡವನು. ಬನ್ನಿ, ಹೋಗೋಣ."

ಅವನು ಕದಲಲಿಲ್ಲ. ಬೀದಿಯ ಅಂಚಿನ ಕಟ್ಟೆಯ ಮೇಲೆ ಕುಸಿದು ಕೂತ. "ಕ್ಲಿನಿಕ್ಕು?" ಎಂದ. "ಚಪ್ಪಲಿ ಅಂಗಡಿ?"

"ಅವನ್ನು ಪರೀಕ್ಷೆ ಮಾಡಿದ್ರಲ್ಲ?"

"ಮಾಡಿದೀನಿ ಅಂತ ನೆನಪು. ಇದನ್ನೂ ಸರಿಯಾಗಿ ಹಾಕಿದೀನಿ ಅಂತಲೇ ನಿನ್ನೆ ಮಲಗಿದ್ದು ಕಣೇ. ಈಗ ನನ್ನ ನೆನಪನ್ನ ನಾನು ಹೇಗೆ ನಂಬಲಿ? ಆ ಬಾಗಿಲೆಲ್ಲ ಸುಳ್ಳು ಹೇಳಿ ತೆಗೆಸೋಕಾಗುತ್ತಾ? ನಾಳೆ ಇನ್ನೊಂದು ಕಡೆ, ನಾಡಿದ್ದು ಮತ್ತೊಂದು ಕಡೆ... ಪ್ರತಿ ಸಲ ಹಿಂದೆ ಓಡೋಕಾಗುತ್ತಾ?"

ಅವಳು ಅವನ ಪಕ್ಕದಲ್ಲಿ ಕೂತಳು. ಇಸ್ತ್ರಿ ಕಾವಿಗೆ ಸುಟ್ಟ ಗುರುತುಗಳಿದ್ದ ಕೈಯನ್ನು ಅವನ ಕೈ ಮೇಲಿಟ್ಟಳು. "ನಿಮ್ಮ ಭಾವ ಸುಮ್ಮನಿರಲ್ಲ," ಎಂದಳು. "ಅಕ್ಕನೂ ಬೇಜಾರು ಮಾಡ್ಕೋತಾರೆ. ಆದ್ರೂ ಮಾಡಿ ಫೋನು. ನಿಮ್ಮನ್ನ ಹೀಗೆ ನೋಡೋಕೆ ನನ್ನ ಕೈಲಾಗಲ್ಲ."

ಫೋನಿನಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡರು. ಹಿಂದೆ ಯಾವುದೋ ಮಗುವಿನ ಕೂಗಾಟ, ನೀರಿನ ಸದ್ದು. "ಅಲ್ಲೇ ಇರಿ," ಎಂದಷ್ಟೇ ಹೇಳಿ ಇಟ್ಟರು.

ಸ್ವಂತ ಕಾರಿನಲ್ಲಿ ಬಂದರು, ಮನೆಯ ಚಪ್ಪಲಿಯಲ್ಲೇ. ಹಿಂದಿನ ಸೀಟಿನಲ್ಲಿ ಈಜುಕೊಳದಿಂದ ನೇರವಾಗಿ ಎತ್ತಿ ತಂದಂತಿದ್ದ ಅವರ ಮಗಳು ಟವೆಲ್ ಸುತ್ತಿಕೊಂಡು ಮುಖ ಊದಿಸಿ ಕೂತಿದ್ದಳು. ಮೇಡಂ ಯಾರೊಂದಿಗೂ ಮಾತಾಡದೆ ಒಳಗೆ ಹೋಗಿ ಅಡುಗೆಮನೆಯ ಒಂದೊಂದು ಪಾಯಿಂಟನ್ನೂ ತಾವೇ ಬಿಚ್ಚಿ ಅಳೆದರು. ಅವನು ಟಾರ್ಚ್ ಹಿಡಿದು ನಿಂತಿದ್ದ. ಅವನ ಕಣ್ಣು ಮೀಟರಿನ ಮೇಲೆಯೇ ಇತ್ತು, ಬೆಳಕು ಪಕ್ಕಕ್ಕೆ ಸರಿದಿತ್ತು.

"ನೆಟ್ಟಗೆ ಹಿಡೀರಿ," ಎಂದರು. ಎಲ್ಲ ಮುಗಿದ ಮೇಲೆ ಎದ್ದು ನಿಂತರು. "ಬಣ್ಣ ತಪ್ಪಿದ್ದಕ್ಕೆ ನಂಗೆ ಸಿಟ್ಟಿಲ್ಲ. ನೋಡದೆ ನೋಡಿದೀನಿ ಅಂತ ಸಹಿ ಹಾಕಿದ್ರಲ್ಲ, ಅದಕ್ಕೆ. ಮೇಲಿನವರಿಗೆ ವರದಿ ಮಾಡಲೇಬೇಕು."

"ಗೊತ್ತು ಮೇಡಂ."

"ಹಾರ್ನ್ ಹೊಡೆದವಳು ನಾನು. ಅದನ್ನೂ ಬರೀತೀನಿ." ಗೇಟಿನ ಹತ್ತಿರ ಹೋಗಿ ಅವನಿಂದ ಕಾವಲುಗಾರನಿಗೆ ನಿಜ ಹೇಳಿಸಿ, ಕ್ಷಮೆ ಕೇಳಿಸಿದರು. ಕಾವಲುಗಾರ ಅರ್ಥವಾಗದೆ ಹೆಂಡತಿಯತ್ತ ನೋಡಿದ. ಅವಳು ತಲೆ ತಗ್ಗಿಸಿದಳು.

ಕ್ಲಿನಿಕ್ಕು, ಅಂಗಡಿ ಎರಡೂ ಭಾನುವಾರ ಮುಚ್ಚಿದ್ದವು. ಮರುದಿನ ಮೇಡಂ ಫೋನ್ ಮಾಡುವ ತನಕ ಅವನ ಗಂಟಲಿಗೆ ಒಂದು ತುತ್ತೂ ಇಳಿಯಲಿಲ್ಲ. ಎರಡೂ ಕಡೆ ಎಲ್ಲವೂ ಸರಿಯಾಗಿತ್ತು.

ಭಾವ ಹೇಳಿದ್ದು ಸುಳ್ಳಾಗಲಿಲ್ಲ. ವರದಿ ಮೇಲಕ್ಕೆ ಹೋಯಿತು, ಕಚೇರಿಗಳಲ್ಲಿ ಮಾತು ಬೆಳೆಯಿತು. ಒಪ್ಪಂದವನ್ನೇ ನಿಲ್ಲಿಸಬೇಕೆಂದು ಕೆಲವರು ಕೂಗಾಡಿದರು. ಆ ವಾರಗಳಲ್ಲಿ ಟೆಸ್ಟರ್‌ಗೆ ಫೋನ್ ಗುಣುಗುಟ್ಟಿದರೆ ಎತ್ತಲು ಭಯವಾಗುತ್ತಿತ್ತು. ಒಪ್ಪಂದ ನಿಲ್ಲಲಿಲ್ಲ. ಆದರೆ ಹೊಸ ನಿಯಮ ಬಂತು: ಆ ಕಡೆಯಿಂದ ಬಂದವರು ಈ ಕಡೆಯ ಬಣ್ಣಗಳಲ್ಲಿ, ಈ ಕಡೆಯಿಂದ ಹೋದವರು ಆ ಕಡೆಯ ಬಣ್ಣಗಳಲ್ಲಿ ಕೈಯಿಂದ ವೈರಿಂಗ್ ಮಾಡಿ ತೋರಿಸಬೇಕು, ಆಮೇಲೆ ಕಾರ್ಡು. ತರಗತಿ ಏರ್ಪಾಡಾಗುವ ತನಕ ಎರಡನೆಯ ತಂಡದ ಕಾರ್ಡುಗಳೆಲ್ಲ ಅಲ್ಲಲ್ಲೇ ನಿಂತವು. ಟೆಸ್ಟರ್‌ನ ಸಹಿಗೆ ತಡೆ ಬಿತ್ತು. ಆರು ತಿಂಗಳು ಅವನು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಬೇಕು. ಆ ಇನ್ನೊಬ್ಬರು ಎಂದರೆ ಅವನಿಗಿಂತ ಎಷ್ಟೋ ಚಿಕ್ಕ ಹುಡುಗಿ. ಮೊದಲ ದಿನ ಅವಳಿಗೇ ಸಂಕೋಚವಾಗಿ, "ನೀವು ಬಣ್ಣ ಹೇಳ್ತಾ ಹೋಗಿ, ನಾನು ನೋಡ್ತಾ ಹೋಗ್ತೀನಿ," ಎಂದಳು. ಅವನು ಗಟ್ಟಿಯಾಗಿ ಹೇಳುತ್ತಾ ಹೋದ. ಈಗಲೂ ಅವನು ಕೆಲಸ ಮಾಡುವುದು ಹಾಗೆಯೇ. ಅಂಗಡಿಯವರು ಮಂತ್ರ ಹೇಳುತ್ತಿದ್ದಾನೋ ಏನೋ ಎಂದು ಇಣುಕಿ ನೋಡುತ್ತಾರೆ.

ಉದ್ದಣ್ಣ ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದ. ತರಗತಿ ಮುಗಿದ ದಿನ ಮಾತ್ರ ತಾನಾಗಿ ಬಾಗಿಲು ತಟ್ಟಿದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲಲ್ಲೇ ನಿಂತ.

"ನಿನ್ನಿಂದ ನನ್ನ ಮಗಳು ಬರೋದು ತಡ ಆಯ್ತು. ಅದನ್ನ ಮರೀತೀನಿ ಅಂದ್ಕೋಬೇಡ."

"ಇಲ್ಲ."

"ಇವತ್ತು ಪಾಸಾದೆ. ಎರಡನೇ ಸಲಕ್ಕೆ." ಅವನು ತನ್ನ ಬೂಟನ್ನೇ ನೋಡುತ್ತಿದ್ದ. "ಮೊದಲನೇ ಸಲ ನಾನೂ ಕಪ್ಪನ್ನ ನ್ಯೂಟ್ರಲ್‌ಗೇ ಹಾಕಿದ್ದೆ ಕಣೋ. ತರಗತಿಯಲ್ಲಿ ಕಲಿಸೋರು ತೋರಿಸೋ ತನಕ ಗೊತ್ತೇ ಆಗಲಿಲ್ಲ." ಅಷ್ಟು ಹೇಳಿ ಮೆಟ್ಟಿಲಿಳಿದು ಹೋದ.

ಭಾವ ಅಷ್ಟೂ ದಿನ ಮನೆಗೆ ಬಂದಿರಲಿಲ್ಲ. ಅಕ್ಕ ಮಾತ್ರ ಕದ್ದುಮುಚ್ಚಿ ಫೋನ್ ಮಾಡಿ, "ಕೋಪ ಇಳಿಯುತ್ತೆ ಕಣೋ, ಮೂಗಿನ ಮೇಲೆ ಕೂತಿದೆ ಅಷ್ಟೇ, ಎಷ್ಟು ದಿನ ಕೂತಿರುತ್ತೆ," ಎನ್ನುತ್ತಿದ್ದಳು. ಒಂದು ಸಂಜೆ ಕೆಲಸ ಮುಗಿಸಿ ಬಸ್ಸು ಹತ್ತಿದರೆ ಚಾಲಕನ ಸೀಟಿನಲ್ಲಿ ಅವರೇ. ಇಳಿದುಬಿಡೋಣ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು. ಅವನು ಕಂಬ ಹಿಡಿದು ಮುಂದೆಯೇ ನಿಂತ. ನಿಲ್ದಾಣಗಳು ಬಂದವು, ಹೋದವು. ಭಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಶುಶ್ರೂಷೆಯವರದ್ದು ಮುಂದಿನ ಹಂತವಂತೆ," ಎಂದರು ಇದ್ದಕ್ಕಿದ್ದ ಹಾಗೆ. "ನರ್ಸುಗಳದ್ದು. ನಿನ್ನೆ ಹೋಗಿದ್ದೆ ಕಚೇರಿಗೆ. ಅವರಿಗೂ ಕೈಯಿಂದ ಮಾಡಿಸಿ ನೋಡಿಯೇ ಕೊಡ್ತಾರಂತೆ. ನಾನೂ ಅದನ್ನೇ ಹೇಳ್ದೆ, ಹಾಗೇ ಮಾಡಿ ಅಂತ."

"ಮೇಷ್ಟ್ರುಗಳದ್ದು ಭಾವ?"

"ಅರ್ಜಿ ಕೊಟ್ಟು ಬಂದಿದೀನಿ." ಕೆಂಪು ದೀಪಕ್ಕೆ ಬಸ್ಸು ನಿಂತಿತು. ಅವರು ಆಗ ಮಾತ್ರ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ತೂಕ ಇಳಿದಿದೀಯ. ಭಾನುವಾರ ಮನೆಗೆ ಬಾ. ಅಡುಗೆಮನೆ ಸ್ವಿಚ್ಚು ಒತ್ತಿದ್ರೆ ಚಟಚಟ ಅನ್ನುತ್ತೆ, ನಿಮ್ಮಕ್ಕ ಹೆದರಿ ಸಾಯ್ತಾಳೆ."

"ಭಾವ, ನಾನು ಸಹಿ ಹಾಕೋ ಹಾಗಿಲ್ಲ ಇನ್ನೂ. ನನ್ನ ಕೆಲಸ ನೋಡೋ ಹುಡುಗಿಯನ್ನೂ ಕರ್ಕೊಂಡು ಬರಬೇಕಾಗುತ್ತೆ."

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಭಾವ ಅವಸರ ಮಾಡದೆ ಕನ್ನಡಿ ನೋಡಿ, ಗೇರು ಹಾಕಿದರು.

"ಕರ್ಕೊಂಡು ಬಾ. ಊಟಕ್ಕೆ ಒಂದೆಲೆ ಜಾಸ್ತಿ ಹಾಕೋಕೆ ಹೇಳ್ತೀನಿ."